ಪದಚರ್ಚೆ: ಟ್ರಿಗರ್‌ನ ‘ಪುಲ್ ವೇಟ್’ – ತೂಕವೋ, ಬಿಗಿಯೋ?

ಮಾನ್ಯರೇ,

ಅಮೆರಿಕದಲ್ಲಿ ಬಳಕೆಯಲ್ಲಿರುವ ಬೋಲ್ಟ್ ಆಕ್ಷನ್ (ಬೋಲ್ಟನ್ನು ಕೈಯಿಂದ ಹಿಂದೆಮುಂದೆ ಎಳೆದು ತೋಟೆ ತುಂಬುವ) ಬೇಟೆ ರೈಫಲ್‌ಗಳ ಸುರಕ್ಷತಾ ಕೈಪಿಡಿಯೊಂದನ್ನು ಅಲ್ಲಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಟ್ರಿಗರ್‌ನ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಟ್ರಿಗರ್‌ಗೆ ‘ಕುದುರೆ’ ಎಂದು ಧೈರ್ಯವಾಗಿ ಬರೆಯಬಹುದೇ? ಟ್ರಿಗರ್ ಎಳೆಯಲು ಬೆರಳು ಹಾಕಬೇಕಾದ ಬಲ, ಅಂದರೆ ‘ಪುಲ್ ವೇಟ್’ ಎಂಬುದಕ್ಕೆ ‘ಎಳೆತದ ತೂಕ’ ಎಂದು ಬರೆದಿದ್ದೆ, ಕರಡು ಓದಿದವರು ಅದನ್ನು ರೈಫಲಿನ ತೂಕವೆಂದೇ ತಿಳಿದರು. ‘ಕ್ರೀಪ್’, ‘ಓವರ್‌ಟ್ರಾವೆಲ್’ ಇವಕ್ಕೆ ನಮ್ಮ ಮಾತಿದೆಯೇ? ‘ಲೈಟ್ ಟ್ರಿಗರ್’ ಎಂದರೆ ‘ಹಗುರ ಟ್ರಿಗರ್’ ಎಂದರೆ ಸಾಕೇ? ಕೆಲಸ ಬಲ್ಲವರು ತಿಳಿಸಬೇಕಾಗಿ ವಿನಂತಿ.

*

ಮೊದಲು ಕುದುರೆಯ ವಿಷಯ. ಕೈಪಿಡಿಯಲ್ಲಿ ದಯವಿಟ್ಟು ಆ ಪದ ಬೇಡ. ಮಲೆನಾಡಿನ, ಕೊಡಗಿನ ಕೇಪಿನ ಕೋವಿಯಲ್ಲಿ ಹೊರಗೆ ಕಾಣುವ, ಕೇಪಿನ ಮೇಲೆ ಬಂದು ಬಡಿಯುವ ಭಾಗವೇ ಕುದುರೆ. ಅದನ್ನು ಹಿಂದಕ್ಕೆಳೆದರೆ ಕೋವಿ ಸಿದ್ಧವಾಗುತ್ತದೆ, ಈಡು ಹಾರುವುದಿಲ್ಲ. ಆದರೆ ಪತ್ತೆದಾರಿ ಕತೆಗಳಲ್ಲಿ ‘ಕುದುರೆ ಎಳೆದ’ ಎಂದರೆ ಗುಂಡು ಹಾರಿತು ಎಂದೇ ಅರ್ಥ. ಹಿಂದಿಯ ಘೋಡಾ ಪದಕ್ಕೂ ಇದೇ ಇಬ್ಬಗೆಯಿದೆ. ಒಂದೇ ಮಾತು ಒಂದು ಕಡೆ ಸಿದ್ಧಮಾಡುವುದಕ್ಕೆ, ಇನ್ನೊಂದು ಕಡೆ ಸಿಡಿಸುವುದಕ್ಕೆ ನಿಂತಿದೆ. ಕತೆಯಲ್ಲಿ ಇದು ನಡೆಯುತ್ತದೆ, ಸುರಕ್ಷತೆಯ ಪುಸ್ತಕದಲ್ಲಿ ನಡೆಯಬಾರದು. ಬೋಲ್ಟ್ ರೈಫಲ್‌ನಲ್ಲಂತೂ ಹೊರಗೆ ಕುದುರೆಯೇ ಇಲ್ಲ, ತೋಟೆಗೆ ಬಡಿದು ಸಿಡಿಸುವ ಸೂಜಿಯೂ ಅದರ ಸ್ಪ್ರಿಂಗೂ ಬೋಲ್ಟಿನ ಒಳಗಿವೆ. ಆದ್ದರಿಂದ ‘ಟ್ರಿಗರ್’ ಎಂದೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.

‘ತೂಕ’ ಹೇಗೆ ಬಂತೆಂದರೆ, ಟ್ರಿಗರ್ ಅಳೆಯುವ ಹಳೆಯ ವಿಧಾನದಿಂದ. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ತೂಕದ ಕಲ್ಲು ಸಿಕ್ಕಿಸಿ ಎತ್ತುತ್ತಾರೆ. ಅಷ್ಟು ಭಾರವನ್ನು ಟ್ರಿಗರ್ ತಡೆದುಕೊಂಡರೆ ಪಾಸು. ಅಂತಾರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಲ್ಲಿ ಈಗಲೂ ಹೀಗೇ ನೋಡುತ್ತಾರೆ: 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿಗೆ 1500 ಗ್ರಾಂ. ಹಾಗಾಗಿ ‘ತೂಕ’ ತಪ್ಪಲ್ಲ, ಆದರೆ ಓದುಗನ ಕಣ್ಣು ರೈಫಲಿನ ತೂಕಕ್ಕೇ ಹೋಗುತ್ತದೆ. ನನ್ನ ಸಲಹೆ ‘ಎಳೆತದ ಬಿಗಿ’. ಅಂಕಿಯನ್ನು ಕಿಲೋದಲ್ಲಿ ಕೊಡಿ: ‘ಎಳೆತದ ಬಿಗಿ 1.6 ಕೆಜಿ’. ಮೂಲದಲ್ಲಿ ಪೌಂಡ್ ಇದ್ದರೆ 1 ಪೌಂಡ್‌ಗೆ 454 ಗ್ರಾಂ. ಔನ್ಸ್ ಬಂದಲ್ಲಿ ಎರಡು ಸಲ ನೋಡಿ. 1 ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ, 16 ಔನ್ಸ್ ಸೇರಿದರೆ 1 ಪೌಂಡ್.

ಇನ್ನು ‘ಹಗುರ’. ನಮ್ಮ ಕಿವಿಗೆ ಅದು ಹೊಗಳಿಕೆಯಂತೆ ಕೇಳುತ್ತದೆ, ಅಪಾಯ ಇರುವುದು ಅಲ್ಲೇ. ಕಾಡಿನಲ್ಲಿ ನಡೆದಾಡುವ ಬೇಟೆ ರೈಫಲಿಗೆ 1.1ರಿಂದ 1.8 ಕೆಜಿ ಒಪ್ಪುವ ಬಿಗಿ. ಚಳಿಗೆ ಬೆರಳು ಮರಗಟ್ಟುವ ಕಡೆ, ಕೈಗವಸು ತೊಡುವ ಕಡೆ, 1.8ರ ಹತ್ತಿರವೇ ಇರಲಿ. ಬೆರಳಿಗೆ ಸ್ಪರ್ಶ ತಿಳಿಯುವ ಮೊದಲೇ ಗುಂಡು ಹಾರಿಬಿಡಬಾರದು. ಮೇಜಿನ ಮೇಲೆ ಚೀಲಕ್ಕೊರಗಿಸಿ ಒಂದೊಂದೇ ತೋಟೆ ತುಂಬುವ ಬೆಂಚ್‌ರೆಸ್ಟ್ ರೈಫಲಿನಲ್ಲಿ 2 ಔನ್ಸ್, ಅಂದರೆ 57 ಗ್ರಾಂ, ಇರುವುದುಂಟು. ಆ ಅಂಕಿಯನ್ನು ನೋಡಿ ಬೇಟೆ ರೈಫಲನ್ನು ಸಡಿಲಿಸಿದರೆ ಕಾಲು ಜಾರಿ ಬಿದ್ದಾಗ, ಕೊಂಬೆ ತಾಗಿದಾಗ ಸಿಡಿಯುತ್ತದೆ. ‘ಹಗುರ’ ಬಿಟ್ಟು ‘ಕಡಿಮೆ ಬಿಗಿ’ ಎನ್ನಿ, ಬೇರೆ ಏನೂ ಧ್ವನಿಸುವುದಿಲ್ಲ.

ಬೇಟೆಗಾರರು ‘ಟ್ರಿಗರ್ ಭಾರ’ ಎಂದು ದೂರುವಾಗ ಬಹಳ ಸಲ ತೊಂದರೆ ಬಿಗಿಯದ್ದಲ್ಲ, ಕ್ರೀಪ್‌ನದು. ಇದಕ್ಕೆ ಬೈಕಿನ ಕ್ಲಚ್ ನೆನೆಯಿರಿ. ಲಿವರ್ ಎಳೆದಾಗ ಮೊದಲು ಖಾಲಿ ಓಡುವುದನ್ನು ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುತ್ತಾರೆ. ಎರಡು ಹಂತದ ಟ್ರಿಗರ್‌ನ ಮೊದಲ ಹಂತ ಅಂಥದ್ದೇ, ಅದು ದೋಷವಲ್ಲ. ಕ್ರೀಪ್ ಬೇರೆ. ಬೆರಳಿಗೆ ತಡೆ ಸಿಕ್ಕಿದ ಮೇಲೂ, ಒಳಗೆ ಸೂಜಿಯನ್ನು ತಡೆಹಿಡಿದಿರುವ ಸಿಯರ್ ಕಳಚುವ ಮುನ್ನ, ಟ್ರಿಗರ್ ಮರಳು ಉಜ್ಜಿದಂತೆ ಚೂರುಚೂರೇ ಸರಿಯುವುದು. ಇದಕ್ಕೆ ‘ಅರೆತ’ ಒಪ್ಪುತ್ತದೆ. ಗುಂಡು ಹಾರಿದ ಮೇಲೂ ಟ್ರಿಗರ್ ಹಿಂದಕ್ಕೆ ಹೋಗುವ ಓವರ್‌ಟ್ರಾವೆಲ್‌ಗೆ ‘ಮಿಕ್ಕ ಓಟ’. ಅರೆತವಿಲ್ಲದ 1.6 ಕೆಜಿ ಟ್ರಿಗರ್, ಅರೆತವಿರುವ 1.2 ಕೆಜಿಗಿಂತ ಬೆರಳಿಗೆ ಸಲೀಸು. ಈ ಒಂದು ವಾಕ್ಯ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬಂದರೆ ಎಷ್ಟೋ ಜನ ಸ್ಕ್ರೂ ಮುಟ್ಟುವುದನ್ನೇ ಬಿಡುತ್ತಾರೆ.

ಸಿಯರ್ ಎಷ್ಟು ಆಳ ಹಿಡಿದಿದೆ ಎಂಬುದಕ್ಕೆ ಬಡಗಿಗಳ ‘ಕಚ್ಚು’ ಸೊಗಸಾದ ಮಾತು. ‘ಕಚ್ಚು ಕಡಿಮೆಯಾದರೆ ಅರೆತ ಕಡಿಮೆ, ಆದರೆ ಏಟಿಗೆ ಕಳಚುವ ಭಯ ಹೆಚ್ಚು’ ಎಂದರೆ ಇಡೀ ಯಂತ್ರ ಅರ್ಥವಾಗುತ್ತದೆ.

*

ಮೇಲಿನವರ ‘ಕಚ್ಚು’, ‘ಅರೆತ’ ಎರಡೂ ನನಗೆ ಹಿಡಿಸಿದವು. ‘ಮಿಕ್ಕ ಓಟ’ಕ್ಕಿಂತ ‘ಮೀರಿದ ಓಟ’ ಮೇಲೆನಿಸುತ್ತದೆ. ನಾನು ಸೇರಿಸಬೇಕೆಂದಿರುವುದು ಕ್ರಿಯಾಪದಗಳ ಬಗ್ಗೆ. ‘ಅಡ್ಜಸ್ಟ್’ ಬಂದಲ್ಲೆಲ್ಲ ‘ಸಡಿಲಿಸಿ’ ಎಂದು ಬರೆಯುವ ಚಟ ನಮ್ಮ ಅನುವಾದಗಳಲ್ಲಿದೆ. ಇಲ್ಲಿ ಅದು ಪ್ರಾಣಕ್ಕೆ ಕುತ್ತು. ‘ಹೊಂದಿಸಿ’ ಎನ್ನಿ, ಯಾವ ಸ್ಕ್ರೂ ಎಂಬುದನ್ನು ಪ್ರತಿ ಸಲವೂ ಹೆಸರಿಸಿ. ರೆಮಿಂಗ್ಟನ್ 700ರ ಹಳೆಯ ವಾಕರ್ ಟ್ರಿಗರನ್ನೇ ನೋಡಿ. ಮುಂದಿನ ಕೆಳಗಿನ ಸ್ಕ್ರೂ ಬಿಗಿಯದು, ಮುಂದಿನ ಮೇಲಿನದು ಮೀರಿದ ಓಟದ್ದು, ಹಿಂದಿನದು ಕಚ್ಚಿನದು. ಕಚ್ಚಿನ ಸ್ಕ್ರೂ ಬಲ್ಲ ಗನ್‌ಸ್ಮಿತ್‌ಗೆ (ಕೋವಿ ರಿಪೇರಿ ಮಾಡುವವರಿಗೆ) ಬಿಟ್ಟದ್ದು, ಮನೆಯಲ್ಲಿ ಮುಟ್ಟುವಂಥದ್ದಲ್ಲ. ‘ಸ್ಕ್ರೂ ತಿರುಗಿಸಿ’ ಎಂದಷ್ಟೇ ಬರೆದರೆ ಓದುಗ ಮೂರರಲ್ಲಿ ಯಾವುದನ್ನಾದರೂ ತಿರುಗಿಸಿಯಾನು. ಹೊರಗಿನಿಂದಲೇ ಹೊಂದಿಸಲು ಒಂದೇ ಸ್ಕ್ರೂ ಇರುವ ಟ್ರಿಗರ್‌ಗಳಲ್ಲೂ ತಯಾರಕರು ಹೇಳಿದ ಮಿತಿ ದಾಟಬಾರದು.

ಕ್ರಮವನ್ನು ಹೀಗೆ ಬರೆಯಬಹುದು. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಬೋಲ್ಟ್ ತೆಗೆದು, ತೋಟೆ ಕೂರುವ ಕೋಣೆಯನ್ನು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಬೋಲ್ಟ್ ಮತ್ತೆ ಹಾಕಿ, ಖಾಲಿ ರೈಫಲಿನ ಟ್ರಿಗರ್‌ನ ಬಾಗಿನ ನಡುಮಧ್ಯಕ್ಕೆ ಬಿಗಿ ಅಳೆಯುವ ಗೇಜ್‌ನ ಕೊಕ್ಕೆ ಸಿಕ್ಕಿಸಿ ಐದು ಸಲ ಎಳೆದು ಸರಾಸರಿ ತೆಗೆಯಿರಿ. ಕೊಕ್ಕೆ ತುದಿಗೆ ಜಾರಿದರೆ ಸನ್ನೆಗೋಲು ಉದ್ದವಾದಂತಾಗಿ ಅಂಕಿ ಕಡಿಮೆ ತೋರುತ್ತದೆ. ಐದರಲ್ಲಿ ಏರುಪೇರು ಬಹಳವಿದ್ದರೆ ಒಳಗೆ ಹಳೆಯ ಎಣ್ಣೆ ಅಂಟಾಗಿರಬಹುದು. ಮೊದಲು ತೊಳೆಯಬೇಕಾದದ್ದು ಅದು. ಮಳೆಗಾಲದಲ್ಲಿ ಹಿಡಿಮರ ಊದಿ ಟ್ರಿಗರ್‌ಗೆ ತಾಗುವುದೂ ಉಂಟು, ಅದಕ್ಕೆ ಸ್ಕ್ರೂ ಮದ್ದಲ್ಲ. ಇಷ್ಟೆಲ್ಲ ಆದಮೇಲೂ ಬಿಗಿ ಹೆಚ್ಚಿದ್ದರೆ ಬಿಗಿಯ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಂತೆ ತಿರುಗಿಸಿ, ಪ್ರತಿ ಸಲ ಅಳೆಯಿರಿ. ಕೊನೆಗೆ ಸ್ಕ್ರೂವಿನ ತಲೆಗೆ ಒಂದೇ ತೊಟ್ಟು ನೇಲ್ ಪಾಲಿಶ್. ಅಂಟು ಒಳಗಿಳಿದರೆ ಕಥೆ ಬೇರೆಯೇ ಆಗುತ್ತದೆ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ತನ್ನ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ನ ರೈಫಲ್‌ಗಳನ್ನು ವಾಪಸು ಕರೆದದ್ದೇ ಜೋಡಣೆಯಲ್ಲಿ ಅಂಟು ಹೆಚ್ಚಾಗಿ, ಟ್ರಿಗರ್ ಎಳೆಯದೆಯೂ ಸಿಡಿಯುವ ಸಾಧ್ಯತೆ ಇದೆಯೆಂದು.

ನಂತರದ ಪರೀಕ್ಷೆಗಳಲ್ಲಿ ‘ಸೇಫ್ಟಿ ತೆಗೆಯಿರಿ’ ಎಂಬ ಮಾತು ಎಡವಟ್ಟು. ಸೇಫ್ಟಿಯ ಭಾಗವನ್ನೇ ಬಿಚ್ಚಿಡುವುದೆಂದೂ ಆಗುತ್ತದೆ, ಗುಂಡು ಹೊಡೆಯುವ ಸ್ಥಿತಿಗೆ ತರುವುದೆಂದೂ ಆಗುತ್ತದೆ. ‘ಸೇಫ್ಟಿ ಹಿಂದಕ್ಕೆ’, ‘ಸೇಫ್ಟಿ ಮುಂದಕ್ಕೆ’ ಎಂದು ಲಿವರಿನ ಚಲನೆಯನ್ನೇ ಹೇಳಿ. 700ರಲ್ಲಿ ಹಿಂದಕ್ಕಿದ್ದರೆ ಸುರಕ್ಷಿತ, ಬೇರೆ ಮಾದರಿಗಳಲ್ಲಿ ನೋಡಿಕೊಂಡು ಬರೆಯಿರಿ. ಖಾಲಿ ರೈಫಲ್, ಸೇಫ್ಟಿ ಹಿಂದಕ್ಕೆ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ, ಬೆರಳು ಹೊರಗೆ ತನ್ನಿ, ಸೇಫ್ಟಿ ಮುಂದಕ್ಕೆ. ಆಗ ಸೂಜಿ ಬೀಳಬಾರದು. ಬೋಲ್ಟನ್ನು ಹತ್ತು ಸಲ ರಭಸವಾಗಿ ಮುಚ್ಚಿ, ಹಿಡಿಮರದ ಬುಡಕ್ಕೆ ರಬ್ಬರ್ ಸುತ್ತಿಗೆಯಿಂದ ಬಡಿಯಿರಿ. ಆಗಲೂ ಬೀಳಬಾರದು. ಒಂದೇ ಸಲ ಬಿದ್ದರೂ ಬಿಗಿಯನ್ನು ಮೊದಲಿನ ಅಂಕಿಗೆ ಹಿಂದಿರುಗಿಸಿ, ರೈಫಲನ್ನು ಬದಿಗಿಟ್ಟು, ಪರವಾನಗಿ ಇರುವ ಗನ್‌ಸ್ಮಿತ್‌ಗೆ ಒಯ್ಯಬೇಕು.

ಕನ್ನಡನಾಡಿನ ಓದುಗರ ಕೈಗೂ ಪುಸ್ತಕ ಸೇರುವುದಾದರೆ ಎರಡು ಸಾಲು ಸೇರಿಸಿ. 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಇಲ್ಲಿ ಬೇಟೆ ನಿಷಿದ್ಧ. ಕೋವಿ ರಿಪೇರಿಯ ಕಸುಬಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಬೇಕು. ಅಧ್ಯಾಯದ ಹೆಸರನ್ನು ‘ಟ್ರಿಗರ್‌ನ ಎಳೆತದ ಬಿಗಿ: ಅಳೆಯುವುದು, ಹೊಂದಿಸುವುದು’ ಎಂದಿಡಬಹುದು. ಅಳೆಯುವುದು ಮೊದಲು ಬರಲಿ.