ಮೀಸಾದಲ್ಲಿ ಅಜ್ಜ ಜೈಲಿನಲ್ಲಿದ್ದಾಗ ಮನೆ ಹೇಗಿತ್ತು? ಅಜ್ಜಿಯನ್ನು ಹೇಗೆ ಕೇಳಲಿ?

ಪ್ರಶ್ನೆ: ತುರ್ತು ಪರಿಸ್ಥಿತಿಯಲ್ಲಿ (1975-77) ನಮ್ಮ ಅಜ್ಜ ಮೀಸಾ ಕಾಯ್ದೆಯಡಿ, ಅಂದರೆ ವಿಚಾರಣೆಯಿಲ್ಲದೆ ಬಂಧಿಸಿಡಲು ಬಳಸುತ್ತಿದ್ದ ಆಂತರಿಕ ಭದ್ರತಾ ಕಾಯ್ದೆಯಡಿ, ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದರು. ಅವರ ಕಥೆ ಊರಿಗೆಲ್ಲ ಗೊತ್ತು. ಅಜ್ಜಿಯದು ನಮಗೇ ಗೊತ್ತಿಲ್ಲ. ಅವರಿಗೀಗ 81 ವರ್ಷ. ಬರೆದಿಡೋಣ ಅಂತ ಕೇಳಿದರೆ "ಹೇಗೋ ಆಯ್ತು ಬಿಡು" ಅನ್ನುತ್ತಾರೆ. ಇಂಥ ಮನೆಯವರು ಯಾರಾದರೂ ಇದ್ದರೆ ಹೇಳಿ, ಏನಂತ ಕೇಳಬೇಕು?

ಉತ್ತರ: "ಕಷ್ಟ ಆಯ್ತಾ" ಅಂತ ಮಾತ್ರ ಕೇಳಬೇಡಿ. ನಾನು ಅಮ್ಮನಿಗೆ ಅದನ್ನೇ ಕೇಳಿ ಎರಡು ವರ್ಷ ಕಳೆದುಕೊಂಡೆ. ಬಾಡಿಗೆ ಯಾರು ಕಟ್ಟಿದರು, ಅಂಗಡಿಯಲ್ಲಿ ಉದ್ರಿ ಕೊಟ್ಟರಾ, ಮಕ್ಕಳ ಫೀಸ್ ಹೇಗಾಯ್ತು, ಇಂಥದ್ದು ಕೇಳಿ. ನಮ್ಮ ಅಪ್ಪ ಮೇಷ್ಟ್ರು. ಸಸ್ಪೆಂಡ್ ಮಾಡಿದರು, ಸಂಬಳ ನಿಂತಿತು. ಒಂದು ದಿನ ಸುಮ್ನೆ "ನಿನ್ನ ಹೊಲಿಗೆ ಮಷಿನ್ ಏನಾಯ್ತಮ್ಮ" ಅಂದೆ. ಅದನ್ನು ಮಾರಿ ಮೂರು ತಿಂಗಳ ಬಾಡಿಗೆ ಕಟ್ಟಿದ್ದರಂತೆ. ಅಲ್ಲಿಂದ ಶುರುವಾದ ಮಾತು ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ. ದುಡ್ಡಿಗಿಂತ ಜಾಸ್ತಿ ನೋಯಿಸಿದ್ದು ಬೇರೆ: ಯಾರೂ ಮನೆಗೆ ಬರುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವುದೂ ನಿಂತಿತ್ತು. ಮನೆ ಮುಂದೆ ಪೊಲೀಸರು ಓಡಾಡುತ್ತಿದ್ದಾಗ ನೆರೆಹೊರೆಯವರಿಗೂ ಭಯ ಇರುತ್ತೆ ಅಲ್ವಾ, ಅದು ಅಮ್ಮನಿಗೂ ಗೊತ್ತು. ಆದರೂ ಮರೆತಿಲ್ಲ. ಕಾಣದ ಹಾಗೆ ಹಿತ್ತಲಿಂದ ಅಕ್ಕಿ ಇಟ್ಟುಹೋದ ಒಬ್ಬರು ಇದ್ದರು, ಅವರ ಹೆಸರನ್ನು ಮಾತ್ರ ಎರಡೆರಡು ಸಲ ಹೇಳಿದರು.

ಇನ್ನೊಬ್ಬರು: ಕಾಯುವುದರ ಬಗ್ಗೆ ಕೇಳಿ ತಂಗಿ. ಶಿಕ್ಷೆ ಆದವರ ಮನೆಯಲ್ಲಿ ದಿನ ಎಣಿಸಬಹುದು. ಮೀಸಾದವರಿಗೆ ಎಣಿಸಲು ತಾರೀಕೇ ಇರಲಿಲ್ಲ. 1975ರ ಜೂನ್ ಕೊನೆಯಲ್ಲಿ ಕಾಯ್ದೆ ತಿದ್ದಿದ ಮೇಲೆ ಯಾಕೆ ಹಿಡಿದರು ಅಂತ ಹೇಳಬೇಕಾದ ಕಟ್ಟುಪಾಡೂ ಹೋಯಿತು. ನಮ್ಮ ದೊಡ್ಡಮ್ಮನಿಗೆ ಮಕ್ಕಳು "ಅಪ್ಪ ಏನು ಮಾಡಿದ್ರು" ಅಂದರೆ ಹೇಳಲು ಉತ್ತರವೇ ಇರಲಿಲ್ಲ. ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟಿದ್ದು ಕಾನೂನು ಪ್ರಕಾರ ಸರಿಯಾ ಅಂತ ಕೋರ್ಟ್ ನೋಡಲಿ ಅನ್ನುವ ಅರ್ಜಿ, ವಿಚಾರಣೆಗೆ ತೆಗೆದುಕೊಳ್ಳಬಹುದು ಅಂತ ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. ಅದೊಂದೇ ಆಸೆ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನೂ ಮುಚ್ಚಿತು, ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ಸುದ್ದಿ ಮನೆಗೆ ಹೇಗೆ ಬಂತು ಅಂತ ಅಜ್ಜಿಯನ್ನು ಕೇಳಿ ನೋಡಿ. ನಮ್ಮಲ್ಲಿ ಬಿಡ್ತಾರಂತೆ ಅಂತ ಗಾಳಿಸುದ್ದಿ ಬಂದಾಗಲೆಲ್ಲ ದೊಡ್ಡಮ್ಮ ಹಂಡೆ ತುಂಬಿ ಒಲೆ ಹಚ್ಚುತ್ತಿದ್ದರು, ಬಂದ ತಕ್ಷಣ ದೊಡ್ಡಪ್ಪ ಸ್ನಾನ ಮಾಡಲಿ ಅಂತ. ಅದೆಷ್ಟು ಸಲ ನೀರು ಕಾದು ಆರಿತೋ.

ಮತ್ತೊಬ್ಬರು: ಕಾಯಿಲೆಯ ಭಯವನ್ನೂ ಕೇಳಿ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಆಸ್ತಮಾ ಇತ್ತು. ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಒಳಗಿದ್ದವರ ಆರೋಗ್ಯ ಹೇಗಿದೆಯೋ ಅನ್ನುವ ಚಿಂತೆಯಲ್ಲೇ ನಮ್ಮ ಅಜ್ಜಿಗೆ ನಿದ್ದೆ ಹೋಗಿತ್ತು. ಅಜ್ಜ ಕಾಗದದಲ್ಲಿ "ಚೆನ್ನಾಗಿದ್ದೇನೆ" ಅಂತಲೇ ಬರೆಯುತ್ತಿದ್ದರು, ಸೆನ್ಸಾರ್ ಆಗಿ ಬರುವ ಕಾಗದದಲ್ಲಿ ಬೇರೆ ಏನು ಬರೆಯಲಾಗುತ್ತೆ? ಆ ಕಾಗದಗಳು ಇದ್ದರೆ ಅಜ್ಜಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಬಿಡುಗಡೆಗೆ ಮಾತು ನಿಲ್ಲಿಸಬೇಡಿ. ಅಜ್ಜ ಮನೆಗೆ ಬಂದಾಗ ನಮ್ಮ ಚಿಕ್ಕಪ್ಪನಿಗೆ ಮೂರು ವರ್ಷ. "ಈ ಮಾಮ ಯಾವಾಗ ಹೋಗ್ತಾರೆ" ಅಂತ ಕೇಳಿದರಂತೆ. ಅಜ್ಜ ಇದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಹೇಳಿದ್ದು, ಅದೂ ಅಜ್ಜ ಹೋದ ಮೇಲೆ. ನಿಮ್ಮಜ್ಜಿಯನ್ನು ಮನೆಮಂದಿಯ ಮುಂದೆ ಕೇಳಬೇಡಿ. ಮಧ್ಯಾಹ್ನ ಅವರೊಬ್ಬರೇ ಇರುವಾಗ ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಿಬಿಡಿ.