ಹಕ್ಕಿಗಳು ತುಂಬಿರುವ ಕಾಡಿನಲ್ಲೂ ಬೀಜ ಪ್ರಸರಣ ಕುಂಠಿತವಾಗುವುದು ಹೇಗೆ?

ಹಸಿರುಗರಿ ಅವರ ಪ್ರಶ್ನೆ:

ಉಷ್ಣವಲಯದ ಮಳೆಕಾಡುಗಳಲ್ಲಿ ಬಹುಪಾಲು ಮರಗಳು ತಮ್ಮ ಬೀಜಗಳನ್ನು ಹರಡಲು ಹಣ್ಣು ತಿನ್ನುವ ಪ್ರಾಣಿಪಕ್ಷಿಗಳನ್ನೇ ನೆಚ್ಚಿಕೊಂಡಿವೆ ಎಂದು ಓದಿದ್ದೇನೆ. ಮರ ಕಡಿದ, ಬೇಟೆ ನಡೆದ ಅಥವಾ ತುಂಡು ತುಂಡಾದ ಕಾಡುಗಳಲ್ಲಿ ಈ ಕೆಲಸ ಕುಂಠಿತವಾಗುತ್ತದೆ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಆದರೆ ಅಂಥ ಕಾಡಿನ ಅಂಚಿನಲ್ಲಿ ನಿಂತು ನೋಡಿದರೆ ಹಣ್ಣು ತಿನ್ನುವ ಸಣ್ಣ ಹಕ್ಕಿಗಳಿಗೆ ಕೊರತೆ ಕಾಣುವುದಿಲ್ಲ. ಕೆಲವೊಮ್ಮೆ ಕಾಡಿನ ಒಳಭಾಗಕ್ಕಿಂತ ಅಲ್ಲೇ ಅವುಗಳ ಗದ್ದಲ ಹೆಚ್ಚು. ಹಾಗಾದರೆ ಕುಂಠಿತವಾಗುವುದು ಏನು? ಬೀಜಗಳ ಸಂಖ್ಯೆಯೇ, ಅವು ಸಾಗುವ ದೂರವೇ, ಬೇರೇನಾದರೂ ಇದೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಕಾನುಮರ ಅವರ ಉತ್ತರ:

ನೀವು ಗಮನಿಸಿದ್ದು ಸರಿಯಾಗಿದೆ. ಹದಗೆಟ್ಟ ಕಾಡಿನಲ್ಲಿ ಬೀಜ ಪ್ರಸರಣ ನಿಂತುಹೋಗುವುದಿಲ್ಲ. ಯಾವ ಮರದ ಬೀಜ ಹರಡುತ್ತದೆ, ಯಾವುದರದು ಹರಡುವುದಿಲ್ಲ ಎಂಬುದು ಬದಲಾಗುತ್ತದೆ. ಅದನ್ನು ಮೊದಲಿಗೆ ನಿರ್ಧರಿಸುವುದು ಹಕ್ಕಿಯ ಬಾಯಿ ಎಷ್ಟು ಅಗಲಕ್ಕೆ ತೆರೆದುಕೊಳ್ಳುತ್ತದೆ ಎಂಬ ಸಂಗತಿ. ಪಿಕಳಾರದಂಥ ಸಣ್ಣ ಹಕ್ಕಿ ಚಿಕ್ಕ ಹಣ್ಣನ್ನು ಇಡಿಯಾಗಿ ನುಂಗಿ, ದೂರದಲ್ಲೆಲ್ಲೋ ಹಿಕ್ಕೆಯೊಡನೆ ಬೀಜವನ್ನು ಬೀಳಿಸುತ್ತದೆ. ಆದರೆ ದೊಡ್ಡ ಬೀಜದ ಹಣ್ಣು ಸಿಕ್ಕಾಗ ಅದು ತಿರುಳನ್ನಷ್ಟೇ ಕುಕ್ಕಿ ತಿಂದು ಬೀಜವನ್ನು ತಾಯಿಮರದ ಬುಡದಲ್ಲೇ ಬಿಟ್ಟುಹೋಗುತ್ತದೆ. ಅಂಥ ಬೀಜವನ್ನು ಹೊತ್ತೊಯ್ಯಲು ಮಂಗಟ್ಟೆ, ಟೂಕಾನ್, ದೊಡ್ಡ ಕಾಡುಪಾರಿವಾಳ, ಕೋತಿ, ಆನೆಯಂಥ ಜೀವಿಗಳೇ ಬೇಕು. ಬೇಟೆಗೆ ಮೊದಲು ಬಲಿಯಾಗುವವುಗಳೂ, ಬದುಕಲು ವಿಶಾಲವಾದ ಕಾಡನ್ನು ಬೇಡುವವುಗಳೂ ಬಹುಮಟ್ಟಿಗೆ ಇವೇ.

ತಾಯಿಮರದ ಬುಡದಲ್ಲಿ ಬಿದ್ದ ಬೀಜಕ್ಕೆ ಬದುಕುವ ಅವಕಾಶ ಕಡಿಮೆ. ಆ ಜಾತಿಯ ಮರವನ್ನೇ ಹುಡುಕಿ ಬರುವ ಕೀಟಗಳು ಮತ್ತು ಶಿಲೀಂಧ್ರಗಳು ಅಲ್ಲಿ ಒತ್ತಾಗಿ ಸೇರಿರುತ್ತವೆ ಎಂಬ ವಿಚಾರವನ್ನು ಡೇನಿಯಲ್ ಜಾನ್‌ಜೆನ್ 1970ರಲ್ಲಿಯೂ ಜೋಸೆಫ್ ಕಾನೆಲ್ 1971ರಲ್ಲಿಯೂ ಬೇರೆ ಬೇರೆಯಾಗಿ ಮುಂದಿಟ್ಟರು. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಗಂಭೀರವಾದದ್ದು. ಬಯಲಾದ ಜಾಗದಲ್ಲಿ ಮೊದಲು ತಲೆಯೆತ್ತುವ ಅನೇಕ ಗಿಡಗಳ ಪುಟ್ಟ ಬೀಜಗಳು ಬೆಳಕು ಬೀಳುವ ದಿನಕ್ಕಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು. ನೆರಳಿನ ಕಾಡಿನ ದೊಡ್ಡ ಬೀಜಗಳಲ್ಲಿ ಹೆಚ್ಚಿನವು ಒಣಗಿದರೆ ಸಾಯುತ್ತವೆ, ಆದ್ದರಿಂದ ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಲೇಬೇಕು. ಒಂದು ಹಣ್ಣಿನ ಕಾಲದಲ್ಲಿ ಅವನ್ನು ಒಯ್ಯುವವರು ಬರಲಿಲ್ಲವೆಂದರೆ ಆ ವರ್ಷದ ಪೀಳಿಗೆಯ ಬಹುಭಾಗ ಕೈಬಿಟ್ಟಂತೆಯೇ. ಹೀಗಾಗಿ ಕಾಡಿನ ಅಂಚಿನಲ್ಲಿ ಬೀಳುವ ಬೀಜಗಳನ್ನು ಬಲೆಯೊಡ್ಡಿ ಎಣಿಸಿದರೆ ಸಂಖ್ಯೆ ದೊಡ್ಡದಾಗಿಯೇ ಬರಬಹುದು, ಆದರೆ ಅದರಲ್ಲಿ ಕೆಲವೇ ಜಾತಿಗಳ ಪುಟ್ಟ ಬೀಜಗಳು, ಲಂಟಾನದಂಥ ಹೊರಗಿನಿಂದ ಬಂದ ಪೊದೆಗಳ ಬೀಜಗಳೂ ಸೇರಿದಂತೆ, ಬಹುಪಾಲನ್ನು ಆಕ್ರಮಿಸಿರುತ್ತವೆ.

ದೂರದ ವಿಷಯದಲ್ಲಿ ಒಂದು ಉದಾಹರಣೆ ಸಾಕು. ಸಣ್ಣ ಹಕ್ಕಿಯ ಹೊಟ್ಟೆಯಲ್ಲಿ ಬೀಜ ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ. ಆನೆಯ ಹೊಟ್ಟೆಯಲ್ಲಿ ದಿನಗಳ ಲೆಕ್ಕದಲ್ಲಿ. ಕಾಂಗೋ ಜಲಾನಯನದ ಕಾಡಾನೆಗಳು ಬೀಜಗಳನ್ನು 50 ಕಿ.ಮೀ.ಗೂ ಆಚೆ ಒಯ್ಯಬಲ್ಲವೆಂದು ಅವುಗಳ ಓಡಾಟವನ್ನು ಅಳೆದವರು ತೋರಿಸಿದ್ದಾರೆ.

ಬೇರುಬಿಳಲು ಅವರ ಉತ್ತರ:

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಒಂದು ಮರವನ್ನೂ ಕಡಿಯದ ಕಾಡು ಕೂಡ ಈ ಅರ್ಥದಲ್ಲಿ ಹದಗೆಟ್ಟಿರಬಹುದು. ಮೇಲಿನಿಂದ ಹಸಿರಾಗಿ ಕಂಡರೂ ದೊಡ್ಡ ಪ್ರಾಣಿಗಳೇ ಇಲ್ಲದ ಇಂಥ ಕಾಡನ್ನು ಕೆಂಟ್ ರೆಡ್‌ಫರ್ಡ್ 1992ರಲ್ಲಿ ‘ಬರಿದಾದ ಕಾಡು’ ಎಂದು ಕರೆದರು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ಇದರ ಅತ್ಯಂತ ಕಠೋರ ನಿದರ್ಶನ. ಎರಡನೆಯ ಮಹಾಯುದ್ಧದ ನಂತರ ಸರಕುಗಳ ಜೊತೆ ಅಲ್ಲಿಗೆ ಬಂದು ಸೇರಿದ ಕಂದು ಮರಹಾವು, ಆ ದ್ವೀಪದ ಕಾಡಿನ 12 ಸ್ಥಳೀಯ ಪಕ್ಷಿ ಪ್ರಭೇದಗಳಲ್ಲಿ 10ನ್ನು ಅಲ್ಲಿಂದ ಅಳಿಸಿಹಾಕಿತು. ಮರಗಳು ನಿಂತೇ ಇವೆ, ಹಣ್ಣೂ ಬಿಡುತ್ತವೆ. ಆದರೆ ಹಕ್ಕಿಗಳಿರುವ ನೆರೆಯ ದ್ವೀಪಗಳಲ್ಲಿ ತಾಯಿಮರದಿಂದ ದೂರ ಹೋಗಿ ಬೀಳುವ ಬೀಜಗಳು ಇಲ್ಲಿ ಬುಡದಲ್ಲೇ ರಾಶಿ ಬೀಳುತ್ತವೆ.

ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಬದಲಾವಣೆ ಬೀಜದ ಗಾತ್ರಕ್ಕೇ ತಟ್ಟಿದೆ. ಟೂಕಾನ್‌ಗಳಂಥ ದೊಡ್ಡ ಹಕ್ಕಿಗಳು ಬಹುಕಾಲದಿಂದ ಇಲ್ಲವಾದ ಕಡೆಗಳಲ್ಲಿ ಜುಸಾರಾ ತಾಳೆಯ ಬೀಜಗಳು ಚಿಕ್ಕದಾಗಿವೆ, 12 ಮಿ.ಮೀ.ಗಿಂತ ದಪ್ಪನೆಯವು ಕಾಣುವುದೇ ಇಲ್ಲ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಚಿಕ್ಕ ಬೀಜ ಬೇಗ ಒಣಗುತ್ತದೆ; ಮಳೆ ಏರುಪೇರಾಗುವ ಕಾಲದಲ್ಲಿ ಇದು ಆ ಮರಕ್ಕೆ ಒಳ್ಳೆಯದಲ್ಲ.

ಹಸಿರುಗರಿ ಅವರ ಪ್ರತಿಕ್ರಿಯೆ:

ಇಬ್ಬರಿಗೂ ಧನ್ಯವಾದಗಳು. ದೊಡ್ಡ ಪ್ರಾಣಿಗಳು ಹೋದ ಮೇಲೆ ಅವುಗಳ ಕೆಲಸವನ್ನು ಇಲಿ, ಅಳಿಲುಗಳಂಥವು ವಹಿಸಿಕೊಳ್ಳಲಾರವೇ? ಅವುಗಳ ಸಂಖ್ಯೆ ಇಂಥ ಕಡೆ ಹೆಚ್ಚುತ್ತದೆಂದೂ ಕೇಳಿದ್ದೇನೆ.

ಕಾನುಮರ ಅವರ ಉತ್ತರ:

ಸ್ವಲ್ಪಮಟ್ಟಿಗೆ ವಹಿಸಿಕೊಳ್ಳುತ್ತವೆ, ಮತ್ತು ಕೆಲವು ಕಡೆ ಅಚ್ಚರಿಯಾಗುವಷ್ಟು. ಪನಾಮಾದಲ್ಲಿ ಅಗೂಟಿ ಎಂಬ ದೊಡ್ಡ ದಂಶಕ ಪ್ರಾಣಿ ತಾಳೆ ಬೀಜಗಳನ್ನು ಮುಂದಿನ ದಿನಗಳಿಗೆಂದು ಒಂದೊಂದಾಗಿ ಹೂತಿಡುತ್ತದೆ. ಅದನ್ನು ಇನ್ನೊಂದು ಅಗೂಟಿ ಕದ್ದು ಬೇರೆಡೆ ಹೂಳುತ್ತದೆ. ರೇಡಿಯೋ ಸಾಧನ ಕಟ್ಟಿ ಹಿಂಬಾಲಿಸಿದಾಗ ಒಂದೇ ಬೀಜ 36 ಬಾರಿ ಹೀಗೆ ಹೂಳಲ್ಪಟ್ಟದ್ದು ಕಂಡುಬಂದಿತು. ಆದರೆ ಹೂತಿಡುವ ಪ್ರಾಣಿಯೇ ಬೀಜವನ್ನು ತಿನ್ನುವ ಪ್ರಾಣಿಯೂ ಹೌದು. ಅದು ಮರೆತದ್ದು ಅಥವಾ ಅದು ಸತ್ತ ಮೇಲೆ ಉಳಿದದ್ದು ಮಾತ್ರ ಮೊಳೆಯುತ್ತದೆ. ಸಣ್ಣ ಇಲಿಗಳಂತೂ ಒಯ್ಯುವುದಕ್ಕಿಂತ ತಿನ್ನುವುದೇ ಹೆಚ್ಚು. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ: ಕೋತಿಗಳ, ಆನೆಗಳ ಮಲವನ್ನು ಮಣ್ಣಿಗಿಳಿಸುವ ಸಗಣಿ ಹುಳುಗಳು ಅದರೊಳಗಿನ ಬೀಜಗಳನ್ನೂ ಹೂತು, ಇಲಿಗಳ ಬಾಯಿಂದ ಉಳಿಸುತ್ತವೆ. ಮಲ ಹಾಕುವ ಪ್ರಾಣಿಗಳು ಕಡಿಮೆಯಾದಾಗ ಈ ಹುಳುಗಳೂ ಕಡಿಮೆಯಾಗುತ್ತವೆ.

ಮಳೆನಾಡಿಗ ಅವರ ಉತ್ತರ:

ಎಲ್ಲ ಕಾಡುಗಳಿಗೂ ಇದೇ ತೀರ್ಪು ಅನ್ವಯಿಸದು ಎಂಬುದನ್ನು ನೆನಪಿಡಬೇಕು. ಆಗ್ನೇಯ ಏಷ್ಯಾದ ತಗ್ಗು ಪ್ರದೇಶದ ಕಾಡುಗಳಲ್ಲಿ ಅತಿ ಎತ್ತರದ ಮರಗಳಲ್ಲಿ ಹೆಚ್ಚಿನವು ಧೂಪದ ಮರದ ಕುಟುಂಬಕ್ಕೆ ಸೇರಿದವು. ಅವುಗಳಲ್ಲಿ ಅನೇಕವು ರೆಕ್ಕೆಯುಳ್ಳ ಕಾಯಿಗಳನ್ನು ಗಾಳಿಗೆ ಬಿಡುತ್ತವೆ. ಅಲ್ಲಿ ಪ್ರಾಣಿಗಳು ಕಾಣೆಯಾದರೆ ಎತ್ತರದ ಮರಗಳ ಮೇಲಾಗುವ ಪರಿಣಾಮ ಅಮೆರಿಕ ಖಂಡದ ಕಾಡುಗಳಲ್ಲಿ ಆಗುವಷ್ಟು ತೀವ್ರವಲ್ಲ.

ಸರಿಪಡಿಸುವ ದಾರಿಗಳೂ ಇಲ್ಲದಿಲ್ಲ. ಬಯಲಾದ ಜಾಗದಲ್ಲಿ ಒಂಟಿ ಮರವೊಂದನ್ನು ಉಳಿಸಿದರೂ ಹಕ್ಕಿಗಳು ಅಲ್ಲಿ ಕುಳಿತು ಬೀಜ ಉದುರಿಸುತ್ತವೆ; ಹಣ್ಣು ತಿನ್ನುವ ಬಾವಲಿಗಳು ಹಾರುತ್ತಲೇ ಮಲ ಹಾಕುವುದರಿಂದ ಮರವಿಲ್ಲದ ನೆಲಕ್ಕೂ ಬೀಜ ತಲುಪುತ್ತದೆ. ಆದರೆ ಇವೆರಡೂ ಒದಗಿಸುವುದು ಮುಖ್ಯವಾಗಿ ಪುಟ್ಟ ಬೀಜಗಳನ್ನೇ, ಆದ್ದರಿಂದ ದೊಡ್ಡ ಬೀಜದ ಮರಗಳನ್ನು ಕೈಯಾರೆ ನೆಡಬೇಕು ಅಥವಾ ಪ್ರಾಣಿಗಳನ್ನೇ ಮರಳಿ ತರಬೇಕು. ರಿಯೊ ಡಿ ಜನೈರೊ ನಗರದ ಟಿಜುಕಾ ರಾಷ್ಟ್ರೀಯ ಉದ್ಯಾನದಲ್ಲಿ ಅಗೂಟಿಗಳನ್ನೂ, 2015ರಿಂದ ಕೂಗುಕೋತಿಗಳನ್ನೂ ಹೀಗೆಯೇ ಮರಳಿ ಬಿಡಲಾಗಿದೆ. ಇಂಥ ಪ್ರಯತ್ನ ಫಲಿಸುತ್ತಿದೆಯೇ ಎಂದು ತಿಳಿಯಬೇಕಾದರೆ, ದೊಡ್ಡ ಬೀಜದ ಜಾತಿಗಳ ಸಸಿಗಳು ತಾಯಿಮರದ ನೆರಳಿನಿಂದಾಚೆ ಎಷ್ಟು ಹುಟ್ಟಿವೆ ಎಂಬುದನ್ನು ವರ್ಷ ವರ್ಷವೂ ಎಣಿಸುತ್ತ ಹೋಗಬೇಕು.