ಹುಳುವಿನ ಮೈತುಂಬ ಅದೇ ಜೀನ್, ರೇಷ್ಮೆ ಮಾತ್ರ ಒಂದೇ ಕಡೆ. ಯಾಕೆ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ, ಶಿಡ್ಲಘಟ್ಟದ ಕಡೆಯವಳು): ಮೇಡಂ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ರೇಷ್ಮೆ ಸಾಕುತ್ತೇವೆ. ಈ ವಾರ ಕಾಲೇಜಿನಲ್ಲಿ ಜೀನ್ ಅಭಿವ್ಯಕ್ತಿ, ಅಂದರೆ ಜೀನ್ ಕೆಲಸಕ್ಕಿಳಿಯುವುದರ ಪಾಠ ಆಯಿತು. ಮೈಯ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇರುತ್ತದೆ ಅಂದರು. ಹಾಗಿದ್ದರೆ ಹುಳುವಿನ ಕಾಲಲ್ಲಿ, ಕರುಳಲ್ಲಿ ರೇಷ್ಮೆ ಯಾಕೆ ಆಗುವುದಿಲ್ಲ? ರೇಷ್ಮೆ ಗ್ರಂಥಿಯಲ್ಲಿ ಆ ಜೀನ್ ಜಾಸ್ತಿ ಪ್ರತಿಗಳಲ್ಲಿ ಇರುತ್ತದಾ? ತರಗತಿಯಲ್ಲಿ ಕೇಳಿದ್ದಕ್ಕೆ "ಪರೀಕ್ಷೆಗೆ ಬರಲ್ಲ, ಬಿಡು" ಅಂದರು.

ಉತ್ತರ: ಪರೀಕ್ಷೆಗೆ ಬರದಿದ್ದರೆ ಏನಂತೆ, ಒಳ್ಳೆಯ ಪ್ರಶ್ನೆ ಕಣಮ್ಮಾ. ರೇಷ್ಮೆ ಗ್ರಂಥಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

ನಿನ್ನ ಅನುಮಾನವೇ 1972ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಅವರ ಜೊತೆಗಾರರಿಗೂ ಬಂದಿತ್ತು. ಸುಮ್ನೆ ಬಂದದ್ದಲ್ಲ. ಕಪ್ಪೆಯ ಮೊಟ್ಟೆಯಲ್ಲಿ ಒಂದು ಜಾತಿಯ ಜೀನುಗಳು ನಿಜವಾಗಿಯೂ ಪ್ರತಿ ಮೇಲೆ ಪ್ರತಿ ಆಗುತ್ತವೆ. ಅದನ್ನು 1968ರಲ್ಲಿ ಕಂಡುಕೊಂಡವರಲ್ಲಿ ಬ್ರೌನ್ ಕೂಡ ಒಬ್ಬರು. ರೇಷ್ಮೆಯಲ್ಲೂ ಹಾಗೇ ಇರಬಹುದೇ ಅಂತ ನೋಡಿದರು.

ರೇಷ್ಮೆ ಎಳೆಯ ಒಳತಿರುಳು ಫೈಬ್ರಾಯಿನ್ ಅನ್ನುವ ಪ್ರೋಟೀನ್. ಅದರ ಜೀನಿನಿಂದ ಬರುವ ಎಂಆರ್‌ಎನ್‌ಎಯನ್ನು, ಅಂದರೆ ಜೀನಿನಿಂದ ಬರೆದುಕೊಂಡ ಚೀಟಿಯನ್ನು, ಅವರು ಗ್ರಂಥಿಯಿಂದ ಬೇರ್ಪಡಿಸಿದರು. ಚೀಟಿ ತನ್ನ ಜೋಡಿ ಡಿಎನ್‌ಎಗೆ ಹೋಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಅದನ್ನೇ ಗಾಳದ ಹಾಗೆ ಬಳಸಿ, ಗ್ರಂಥಿಯ ಡಿಎನ್‌ಎಯಲ್ಲಿ ಆ ಜೀನ್ ಎಷ್ಟಿದೆ, ಮೈಯ ಬೇರೆ ಭಾಗದ ಡಿಎನ್‌ಎಯಲ್ಲಿ ಎಷ್ಟಿದೆ ಅಂತ ಅಳೆದರು. ಎರಡೂ ಕಡೆ ಪ್ರಮಾಣ ಒಂದೇ. ಗ್ರಂಥಿಗೆ ಅಂತ ಆ ಜೀನಿನ ವಿಶೇಷ ದಾಸ್ತಾನು ಇರಲಿಲ್ಲ.

ಆದರೂ ನಿನ್ನ ಊಹೆ ಪೂರ್ತಿ ತಪ್ಪಲ್ಲ. ರೇಷ್ಮೆ ಗ್ರಂಥಿಯಲ್ಲಿ ಎಷ್ಟು ಜೀವಕೋಶ ಇರಬೇಕೆನ್ನುವುದು ಮೊಟ್ಟೆಯೊಳಗೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಅವು ಒಡೆದು ಎರಡಾಗುವುದಿಲ್ಲ, ದಪ್ಪ ಆಗುತ್ತಾ ಹೋಗುತ್ತವೆ. ಒಳಗಿನ ಡಿಎನ್‌ಎ ಮಾತ್ರ ಮತ್ತೆ ಮತ್ತೆ ನಕಲಾಗುತ್ತದೆ. ಹಿಂಭಾಗದ ಒಂದೊಂದು ಕೋಶದಲ್ಲಿ ಲಕ್ಷಗಟ್ಟಲೆ ಪ್ರತಿ! ಆದರೆ ಹೆಚ್ಚುವುದು ಇಡೀ ಡಿಎನ್‌ಎ, ಫೈಬ್ರಾಯಿನ್ ಜೀನ್ ಒಂದೇ ಅಲ್ಲ. ಕಣ್ಣಿನ ಜೀನೂ ಅಷ್ಟೇ ಹೆಚ್ಚಿರುತ್ತದೆ. ಗ್ರಂಥಿಯಲ್ಲೇನು ಕಣ್ಣು ಮೂಡಲ್ಲ, ಅಲ್ವಾ?

ಹಾಗಾದರೆ ವ್ಯತ್ಯಾಸ ಎಲ್ಲಿ? ಓದುವುದರಲ್ಲಿ. ಪಂಚಾಂಗ ಎಲ್ಲರ ಮನೆಯಲ್ಲೂ ಅದೇ. ಮದುವೆ ಮನೆಯವರು ಮುಹೂರ್ತದ ಪುಟ ತೆಗೆಯುತ್ತಾರೆ, ಬಿತ್ತನೆಗೆ ಕಾದವರು ಮಳೆ ನಕ್ಷತ್ರದ ಪುಟ ತೆಗೆಯುತ್ತಾರೆ. ಗ್ರಂಥಿಯ ಹಿಂಭಾಗದ ಕೋಶ ಫೈಬ್ರಾಯಿನ್ ಪುಟ ತೆಗೆದು ಕೂತಿರುತ್ತದೆ. ಕರುಳಿನ ಕೋಶ ಸೊಪ್ಪು ಅರಗಿಸುವ ಪುಟ. ಪುಟ ತೆಗೆಸುವವೂ ಪ್ರೋಟೀನುಗಳೇ. ಜೀನಿನ ಪಕ್ಕದ ಗುರುತಿಗೆ ಬಂದು ಅಂಟಿಕೊಂಡು "ಇಲ್ಲಿಂದ ಬರೆದುಕೋ" ಅನ್ನುತ್ತವೆ. ಅವು ಯಾವ ಕೋಶದಲ್ಲಿ ಇವೆಯೋ ಅಲ್ಲಿ ಮಾತ್ರ ಜೀನ್ ಆನ್.

ಒಮ್ಮೆ ಆನ್ ಆಯಿತು ಅಂದರೆ ಲೆಕ್ಕ ಹೇಗಿರುತ್ತದೆ ನೋಡು. ಅದೇ 1972ರ ಕೆಲಸದಲ್ಲಿ ಅವರು ಹಾಕಿದ ಲೆಕ್ಕ ಇದು: ಒಂದು ಜೀನಿನಿಂದ ಸುಮಾರು 10,000 ಚೀಟಿ, ಒಂದೊಂದು ಚೀಟಿಯಿಂದ ಸುಮಾರು 1 ಲಕ್ಷ ಪ್ರೋಟೀನ್. ನಾಲ್ಕು ದಿನದಲ್ಲಿ ಒಂದೇ ಜೀನಿನಿಂದ 100 ಕೋಟಿ. ನಿಮ್ಮ ಮನೆಯ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆ, ತುಂಬುವುದು ಇದರಿಂದ.

ಪ್ರಶ್ನೆ (ರೇಷ್ಮೆ ಬೆಳೆಗಾರರು, ರಾಮನಗರ ತಾಲ್ಲೂಕು): ಮೇಡಂ, ನಾನು ಓದಿದ್ದು ಏಳನೇ ಕ್ಲಾಸು. ಆದರೂ ಒಂದು ಕೇಳಬೇಕು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಆಗಲೂ ಆ ರೇಷ್ಮೆ ಜೀನು ಓಡುತ್ತಲೇ ಇರುತ್ತದಾ?

ಉತ್ತರ: ಅಣ್ಣಾ, ಏಳನೇ ಕ್ಲಾಸಾದರೇನು, ಇದು ಸಂಶೋಧನೆಯ ಪ್ರಶ್ನೆ. ಓಡುವುದಿಲ್ಲ. ನಿಂತುಬಿಡುತ್ತದೆ. (ಪೇಟೆಯವರು ಗಾಬರಿ ಆಗಬೇಡಿ, ಇಲ್ಲಿ ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ಪೊರೆ ಬಿಡುವ ಹೊತ್ತು. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಬರುತ್ತದೆ.)

ಸುಜುಕಿಯವರೇ ಆಮೇಲೆ ಇದನ್ನೂ ನೋಡಿದರು. 1980ರ ಹೊತ್ತಿಗೆ ಸ್ಪಷ್ಟವಾಯಿತು: ಜ್ವರಕ್ಕೆ ಕೂತಾಗ ಫೈಬ್ರಾಯಿನ್ ಜೀನ್ ಆಫ್. ಮೊದಲು ಬರೆದಿದ್ದ ಚೀಟಿಗಳೂ ಹಾಳಾಗಿ ಹೋಗುತ್ತವೆ. ಜ್ವರ ಎದ್ದು ಸೊಪ್ಪಿಗೆ ಬಾಯಿ ಹಾಕಿದ ಮೇಲೆ ಮತ್ತೆ ಆನ್. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಹಿಡಿಯುವವರೇ ಇಲ್ಲ. ಆ ಒಂದು ವಾರದಲ್ಲಿ ನೀವು ಸೊಪ್ಪು ಹಾಕಿ ಹಾಕಿ ಸುಸ್ತಾಗುತ್ತೀರಲ್ಲ, ಒಳಗೆ ಗ್ರಂಥಿಯೂ ಅಷ್ಟೇ ಜೋರಾಗಿ ಕೆಲಸ ಮಾಡುತ್ತಿರುತ್ತದೆ.

ಜ್ವರ ಬರಿಸುವುದು ಎಕ್ಡೈಸೋನ್ ಅನ್ನುವ ಹಾರ್ಮೋನ್. ಅದನ್ನು ಮೊದಲು ಶುದ್ಧವಾಗಿ ತೆಗೆದದ್ದು 1954ರಲ್ಲಿ, ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್. ಅವರು ತೆಗೆದುಕೊಂಡದ್ದು ನಮ್ಮ ರೇಷ್ಮೆಯ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, 500 ಕೆಜಿ! ಸಿಕ್ಕಿದ್ದು 25 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಅದೇ ಹಾರ್ಮೋನನ್ನು 1960ರಲ್ಲಿ ಒಂದು ಸಣ್ಣ ನೊಣದ ಮರಿಗೆ ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ದಪ್ಪ ಕ್ರೋಮೋಸೋಮಿನ ಮೇಲೆ ಕೆಲವು ಜಾಗ ಪೂರಿಯ ಹಾಗೆ ಉಬ್ಬಿಕೊಂಡವು. ಉಬ್ಬಿದ ಕಡೆ ಜೀನ್ ಆನ್ ಆಗಿ ಆರ್‌ಎನ್‌ಎ ಬರೆಯುತ್ತಿತ್ತು. ಹಾರ್ಮೋನ್ ನೇರವಾಗಿ ಜೀನನ್ನೇ ಎಬ್ಬಿಸುತ್ತದೆ ಅನ್ನುವುದಕ್ಕೆ ಸಿಕ್ಕ ಮೊದಲ ಸುಳಿವು ಅದು.

ನಿಮಗೆ ಇದು ಹೊಸದೇನಲ್ಲ. ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ಸೊಪ್ಪಿಗೆ "ಸಂಪೂರ್ಣ" ಸಿಂಪಡಿಸುತ್ತೀರಲ್ಲ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯದ್ದು, ಅದೂ ಗಿಡದಿಂದ ತೆಗೆದ ಇದೇ ಜಾತಿಯ ಹಾರ್ಮೋನ್. ಹಿಂದೆ ಬಿದ್ದ ಹುಳುಗಳೂ ಜೊತೆಯಲ್ಲೇ ಹಣ್ಣಾಗುತ್ತವೆ. ಬೇಗ ಆಗಲಿ ಅಂತ ಮುಂಚೆಯೇ ಹೊಡೆದರೆ ಗೂಡು ಹಗುರ ಆಗುತ್ತದೆ, ನೆನಪಿರಲಿ.

ಪ್ರಶ್ನೆ (ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿರುವವರು): ಆನ್, ಆಫ್ ಅನ್ನುತ್ತೀರಿ. ಲ್ಯಾಬಿನಲ್ಲಿ ನಂಬುವ ಹಾಗೆ ಹೇಗೆ ಅಳೆಯುವುದು? ನನಗೆ ಗ್ರಂಥಿಯಲ್ಲಿ ಸಿಟಿ 18, ಕರುಳಲ್ಲಿ 28 ಬಂದಿದೆ. ಗೈಡ್ "ಕರುಳಲ್ಲೂ ಇದೆ ಅಂತ ಬರಿ" ಅನ್ನುತ್ತಿದ್ದಾರೆ.

ಉತ್ತರ: ಬರೆಯುವ ಮುಂಚೆ ತಡೆಯಿರಿ. ಉಳಿದವರಿಗೆ ಎರಡು ಮಾತು ಹೇಳಿ ಬರುತ್ತೇನೆ.

ನಾವು ಮಾಡುವುದು ಹೀಗೆ. ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ ಹುಳುವನ್ನು ಐಸ್ ಮೇಲೆ ಇಟ್ಟು ಮರಗಟ್ಟಿಸಿ, ಮೈ ಸೀಳಿದರೆ ಎರಡು ಪಕ್ಕದಲ್ಲೂ ಗ್ರಂಥಿ ಕಾಣುತ್ತದೆ. ಹಿಂದುಗಡೆ ಶಾವಿಗೆಯ ಹಾಗೆ ಸುತ್ತಿಕೊಂಡಿರುತ್ತದೆ, ನಡುವೆ ದಪ್ಪ, ಮುಂದೆ ಎರಡೂ ಸೇರಿ ಬಾಯ ಹತ್ತಿರ ಸಣ್ಣ ಕೊಳವೆ. ತೆಗೆದ ತಕ್ಷಣ ದ್ರವ ನೈಟ್ರೋಜನ್‌ಗೆ ಹಾಕಬೇಕು. ಆರ್‌ಎನ್‌ಎ ಬಹಳ ನಾಜೂಕು. ನಮ್ಮ ಬೆರಳ ತುದಿಯಲ್ಲೇ ಅದನ್ನು ತಿಂದುಹಾಕುವ ಕಿಣ್ವ ಇರುತ್ತದೆ. ಗ್ಲೌಸ್ ಹಾಕಿಕೊಂಡು ಮೊಬೈಲ್ ಮುಟ್ಟಿದಿರೋ, ಗ್ಲೌಸ್ ಬದಲಾಯಿಸಿ.

ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿ, ಪಿಸಿಆರ್ ಯಂತ್ರಕ್ಕೆ ಹಾಕುತ್ತೇವೆ. ಒಂದೊಂದು ಸುತ್ತಿಗೂ ಪ್ರತಿ ಎರಡರಷ್ಟಾಗುತ್ತದೆ. ಎಷ್ಟನೇ ಸುತ್ತಿನಲ್ಲಿ ಯಂತ್ರದ ಕಣ್ಣಿಗೆ ಬಿತ್ತು ಅನ್ನುವುದೇ ಸಿಟಿ ಸಂಖ್ಯೆ. ಚೀಟಿ ಜಾಸ್ತಿ ಇದ್ದರೆ ಬೇಗ ಬೀಳುತ್ತದೆ, ಸಂಖ್ಯೆ ಸಣ್ಣದು.

ಈಗ ನಿಮ್ಮ ಲೆಕ್ಕ. 18ಕ್ಕೂ 28ಕ್ಕೂ ಹತ್ತು ಸುತ್ತು ವ್ಯತ್ಯಾಸ. ಎರಡನ್ನು ಹತ್ತು ಸಲ ಗುಣಿಸಿದರೆ 1,024. ಅಂದರೆ ಕರುಳಲ್ಲಿ ಸಿಕ್ಕಿದ್ದು ಗ್ರಂಥಿಯ ಸಾವಿರದಲ್ಲಿ ಒಂದು ಪಾಲು. ಅಷ್ಟು ಕಡಿಮೆ ಅಂದರೆ ನಾನು ಮೊದಲು ಅನುಮಾನ ಪಡುವುದು ಕತ್ತರಿ ಮೇಲೆ. ಗ್ರಂಥಿ ಕರುಳಿಗೆ ಒತ್ತಿಕೊಂಡೇ ಇರುತ್ತದೆ. ಒಂದು ಚೂರು ಅಂಟಿಕೊಂಡು ಬಂದರೆ ಸಾಕು. ನಾನೂ ಇದರಲ್ಲಿ ಬಿದ್ದವಳೇ. ಒಮ್ಮೆ ಕರುಳಿನ ಜೀನೊಂದು ಗ್ರಂಥಿಯಲ್ಲಿ ಆನ್ ಆಗಿದೆ ಅಂತ ಎರಡು ತಿಂಗಳು ಕುಣಿದಾಡಿದೆ. ಆಮೇಲೆ ನೋಡಿದರೆ ನಾನು ಗ್ರಂಥಿಯನ್ನು ಸರಿಯಾಗಿ ತೊಳೆದೇ ಇರಲಿಲ್ಲ.

ಹೊಸ ಹುಳುಗಳಿಂದ ಮತ್ತೆ ತೆಗೆಯಿರಿ. ತಣ್ಣನೆಯ ಸಲೈನ್‌ನಲ್ಲಿ ಮೂರು ಸಲ ತೊಳೆಯಿರಿ. ಆರ್‌ಎನ್‌ಎಯನ್ನು ತಿರುಗಿಸದೇ ಒಂದು ನಳಿಕೆ ಹಾಕಿ. ಅದರಲ್ಲೂ ಸಂಖ್ಯೆ ಬಂದರೆ ಒಳಗೆ ಡಿಎನ್‌ಎ ಉಳಿದಿದೆ ಅಂತ ಅರ್ಥ. ಹೋಲಿಕೆಗೆ ಆಕ್ಟಿನ್ (ಎಲ್ಲ ಕೋಶದಲ್ಲೂ ಆನ್ ಇರುವ ಜೀನ್) ಒಂದನ್ನೇ ನಂಬಬೇಡಿ, ಇನ್ನೊಂದು ಜೀನನ್ನೂ ಇಟ್ಟುಕೊಳ್ಳಿ. ಇಷ್ಟಾದ ಮೇಲೂ 28 ಬಂದರೆ ಗೈಡ್ ಹೇಳಿದ್ದು ಸರಿ.

ಎಲ್ಲ ಜೀನುಗಳನ್ನೂ ಒಟ್ಟಿಗೆ ಎಣಿಸಬೇಕಾದರೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಇದೆ, ದುಡ್ಡಿದ್ದರೆ ಮಾಡಿಸಬಹುದು. ಆದರೆ ಈ ಎರಡರಲ್ಲೂ ಹುಳು ಸಾಯಲೇಬೇಕು. ಬದುಕಿದ್ದಾಗಲೇ ನೋಡುವುದಕ್ಕೆ ಬೇರೆ ದಾರಿ: ನಮಗೆ ಬೇಕಾದ ಜೀನಿನ ಸ್ವಿಚ್ಚನ್ನು ತೆಗೆದು, ಹೊಳೆಯುವ ಪ್ರೋಟೀನಿನ ಜೀನಿಗೆ ಜೋಡಿಸಿ ಮೊಟ್ಟೆಗೆ ಚುಚ್ಚುವುದು. ಆ ಹಸಿರು ಪ್ರೋಟೀನ್ ಬಂದದ್ದು ಅಂಬಲಿ ಮೀನಿನಿಂದ. ಅದಕ್ಕೇ 2008ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು. 2000ದಲ್ಲಿ ಜಪಾನಿನವರು ಹೀಗೆ ಹಸಿರಾಗಿ ಹೊಳೆಯುವ ರೇಷ್ಮೆ ಹುಳು ಮಾಡಿ ತೋರಿಸಿದರು. ನೀಲಿ ಬೆಳಕು ಬಿಟ್ಟರೆ ಸಾಕು, ಜೀನ್ ಎಲ್ಲಿ ಆನ್ ಆಗಿದೆಯೋ ಆ ಜಾಗ ಹುಳು ಓಡಾಡುತ್ತಿರುವಾಗಲೇ ಕಾಣುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಮೇಡಂ, ಮೈಸೂರು ತಳಿಯ ಗೂಡು ಹಳದಿ, ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ. ಸೊಪ್ಪು ಎರಡಕ್ಕೂ ಒಂದೇ. ಬಿಳಿ ಹುಳುವಿನಲ್ಲಿ ಬಣ್ಣದ ಜೀನ್ ಆಫ್ ಆಗಿರುತ್ತದೆ ಅಂತ ತಿಳಿಯಬಹುದಾ?

ಉತ್ತರ: ಇಲ್ಲ, ಇಲ್ಲಿ ಆತುರ ಪಟ್ಟೆ. ಎಲ್ಲದಕ್ಕೂ ಸ್ವಿಚ್ಚೇ ಕಾರಣ ಅಲ್ಲ.

ಹಳದಿ ಬಣ್ಣ ಹುಳು ಮಾಡಿಕೊಂಡದ್ದಲ್ಲ, ಹಿಪ್ಪುನೇರಳೆ ಸೊಪ್ಪಿನದ್ದು. ಅದನ್ನು ಕರುಳಿನಿಂದ ಗ್ರಂಥಿಗೆ ಸಾಗಿಸಲು ಒಂದು ಹಮಾಲಿ ಪ್ರೋಟೀನ್ ಬೇಕು. ಬಿಳಿ ತಳಿಯಲ್ಲಿ ಆ ಜೀನಿನ ಒಂದು ತುಂಡೇ ಕಳೆದುಹೋಗಿದೆ. ಜಪಾನಿನ ಸಂಶೋಧಕರು 2007ರಲ್ಲಿ ತೋರಿಸಿದ್ದು ಇದನ್ನೇ. ಜೀನ್ ಆನ್ ಆಗುತ್ತದೆ, ಚೀಟಿಯೂ ಬರೆಯುತ್ತದೆ. ಚೀಟಿಯಲ್ಲಿ ತುಂಡು ಇಲ್ಲದ ಕಾರಣ ಹಮಾಲಿ ಹುಟ್ಟುವುದಿಲ್ಲ. ಅಂದರೆ ಪಂಚಾಂಗದ ಪುಟ ತೆಗೆದಿದ್ದಾರೆ, ಆದರೆ ಆ ಪುಟ ಹರಿದಿದೆ.

ಎರಡನ್ನೂ ಅಡ್ಡ ಹಾಯಿಸಿದ ಸಿಬಿ ಗೂಡು ಹಳದಿ ಬರುತ್ತದಲ್ಲ? ತಾಯಿ ಕಡೆಯ ಒಂದು ಒಳ್ಳೆಯ ಪ್ರತಿ ಸಾಕು ಅಂತ ಅರ್ಥ. ಗೂಡಿನ ಬಣ್ಣ ಹಿಡಿದೇ ಜಪಾನಿನ ಟೊಯಾಮ ಕಮೆಟಾರೊ 1906ರಲ್ಲಿ ಮೆಂಡಲ್ ನಿಯಮ ರೇಷ್ಮೆಗೂ ಸರಿ ಅಂತ ತೋರಿಸಿದ್ದರು. ಅವರಿಗೆ ಚೀಟಿಯೂ ಗೊತ್ತಿರಲಿಲ್ಲ, ಹಮಾಲಿಯೂ ಗೊತ್ತಿರಲಿಲ್ಲ. ಬರೀ ಗೂಡು ಎಣಿಸಿದರು.

ಪ್ರಶ್ನೆ (ಗುಂಪಿನ ಸದಸ್ಯರು): "ಮಲಗಿರುವ ಜೀನ್ ಎಬ್ಬಿಸುವ" ಪುಡಿ ಅಂತ ವಾಟ್ಸ್ಯಾಪ್‌ನಲ್ಲಿ ಬರುತ್ತಿದೆ. ಮನುಷ್ಯರು ತಗೋಬಹುದಾ?

ಉತ್ತರ: ಊಟ ಮಾಡಿದರೂ ಕೆಲವು ಜೀನ್ ಏಳುತ್ತವೆ, ಮಲಗಿದರೂ ಏಳುತ್ತವೆ. ಯಾವ ಜೀನ್, ಯಾವ ಅಂಗದಲ್ಲಿ, ಎಷ್ಟು ಹೊತ್ತು ಅಂತ ಮಾರುವವರನ್ನು ಕೇಳಿ. ಹೇಳದಿದ್ದರೆ ದುಡ್ಡು ಜೇಬಲ್ಲಿರಲಿ.

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಕನಕಪುರದ ಕಡೆ): ಮೇಡಂ, ಮಕ್ಕಳ ಎದುರು ಹುಳು ಕುಯ್ಯಲು ಮನಸ್ಸಿಲ್ಲ. ಪಿಸಿಆರ್ ಯಂತ್ರ ಅಂತೂ ದೂರದ ಮಾತು. ಬೇರೆ ಏನಾದರೂ ತೋರಿಸಬಹುದಾ?

ಉತ್ತರ: ಇದೆ ಮೇಷ್ಟ್ರೇ. ಗ್ರಂಥಿಯ ಹಿಂಭಾಗ ಫೈಬ್ರಾಯಿನ್ ಮಾಡಿದರೆ, ನಡುಭಾಗ ಸೆರಿಸಿನ್ ಅನ್ನುವ ಅಂಟು ಮಾಡುತ್ತದೆ. ಒಂದೇ ಕೊಳವೆಯ ಅಕ್ಕಪಕ್ಕದ ಕೋಶಗಳು, ತೆಗೆದ ಪುಟ ಬೇರೆ ಬೇರೆ. ಎರಡನ್ನೂ ಗೂಡಿನಲ್ಲೇ ಬೇರೆ ಮಾಡಿ ತೋರಿಸಬಹುದು.

ಹುಳು ಚಿಟ್ಟೆಯಾಗಿ ತೂತು ಮಾಡಿ ಹೊರಬಂದ ಹಳದಿ ಗೂಡು ತನ್ನಿ, ಒಂದು ಇಪ್ಪತ್ತು. ಒಳಗಿನ ಪೊರೆ ಕೊಡವಿ, ತೂಕ ಹಾಕಿ ಬರೆದಿಡಿ. ಸ್ವಲ್ಪ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸಿ. ನೀರು ಹಳದಿಗೆ ತಿರುಗಿ ಜಾರುಜಾರು ಆಗುತ್ತದೆ. ಬಣ್ಣ ಇರುವುದು ಹೆಚ್ಚಾಗಿ ಅಂಟಿನಲ್ಲಿ, ಅದು ಅಂಟಿನ ಜೊತೆಗೇ ಹೋಗುತ್ತದೆ. ಉಳಿದದ್ದು ಬೆಳ್ಳಗೆ, ಹತ್ತಿಯ ಹಾಗೆ ಮೆತ್ತಗೆ. ಅದೇ ಫೈಬ್ರಾಯಿನ್. ಚೆನ್ನಾಗಿ ತೊಳೆದು ಒಣಗಿಸಿ ಮತ್ತೆ ತೂಗಿ. ಹೆಚ್ಚುಕಮ್ಮಿ ಕಾಲು ಭಾಗ ಕಡಿಮೆ ಆಗಿರುತ್ತದೆ. ಬಿಸಿ ಸೋಡಾ ನೀರು ಮಕ್ಕಳ ಕೈಗೆ ಕೊಡಬೇಡಿ. ತೂಕಕ್ಕೆ ಅಂಗಡಿ ತಕ್ಕಡಿ ಸಾಲದು, ಚಿನ್ನ ತೂಗುವುದು ಬೇಕು.

ರೇಷ್ಮೆ ಬೆಳೆಗಾರರು, ರಾಮನಗರ ತಾಲ್ಲೂಕು: ಮೇಷ್ಟ್ರೇ, ತೂತು ಗೂಡು ಬಿತ್ತನೆ ಕೋಠಿಯವರ (ರೇಷ್ಮೆ ಮೊಟ್ಟೆ ತಯಾರಿಸುವವರ) ಹತ್ತಿರ ಚೀಲಗಟ್ಟಲೆ ಬಿದ್ದಿರುತ್ತದೆ, ನಾನು ಕೇಳಿ ತಂದುಕೊಡುತ್ತೇನೆ. ಚಿನ್ನದ ತಕ್ಕಡಿ ನೀವು ನೋಡಿಕೊಳ್ಳಿ.